ಸಹಾಯ ಬೇಕು: ಟೀ ಶರ್ಟ್ ಮೇಲೆ ನಿಯಾನ್ ಹೊಳಪು ತರುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಮೆರಿಕದ ರೂಟ್ 66 ಹೆದ್ದಾರಿ ಶುರುವಾದದ್ದು 1926ರಲ್ಲಿ. ಅದರ ನೂರು ವರ್ಷದ ನೆಪದಲ್ಲಿ ಹಳೇ ಮೋಟೆಲ್ ಬೋರ್ಡುಗಳ ಶೈಲಿಯಲ್ಲಿ ಒಂದು ಟೀ ಶರ್ಟ್ ಡಿಸೈನ್ ಮಾಡುತ್ತಿದ್ದೇನೆ. ಸ್ಕ್ರೀನ್ ಪ್ರಿಂಟಿಂಗ್ ಗೊತ್ತಿರುವವರು ದಯವಿಟ್ಟು ಸಹಾಯ ಮಾಡಿ.

ಅಮೆರಿಕದ ಫೋಟೋಗ್ರಾಫರ್ ಜಾನ್ ಮಾರ್ಗೋಲೀಸ್ ತೆಗೆದ ಫೋಟೋಗಳನ್ನು ನೋಡಿಕೊಂಡು ಬಿಡಿಸುತ್ತಿದ್ದೇನೆ. ರಸ್ತೆ ಬದಿಯ ಡೈನರ್, ಪೆಟ್ರೋಲ್ ಬಂಕ್, ಡ್ರೈವ್-ಇನ್ ಥಿಯೇಟರ್ ಎಲ್ಲವನ್ನೂ ಅವರು ದಶಕಗಟ್ಟಲೆ ಸುತ್ತಿ ತೆಗೆದಿದ್ದಾರೆ. ಲೈಬ್ರರಿ ಆಫ್ ಕಾಂಗ್ರೆಸ್ ವೆಬ್‌ಸೈಟಲ್ಲಿ ಸಿಗುತ್ತವೆ, ಬಿಡುವಾದಾಗ ಖಂಡಿತ ನೋಡಿ. ನನಗೆ ತುಂಬಾ ಹಿಡಿಸಿದ್ದು ನ್ಯೂ ಮೆಕ್ಸಿಕೋದ ಟುಕುಮ್‌ಕಾರಿಯಲ್ಲಿರುವ ಬ್ಲೂ ಸ್ವಾಲೋ ಮೋಟೆಲ್ ಬೋರ್ಡು. ನಿಯಾನ್‌ನಲ್ಲಿ ಹಾರುವ ನೀಲಿ ಹಕ್ಕಿ, ಜೊತೆಗೆ '100% ರೆಫ್ರಿಜರೇಟೆಡ್ ಏರ್' ಅನ್ನೋ ಸಾಲು. ರೂಮಲ್ಲಿ ತಣ್ಣನೆ ಗಾಳಿ ಇದ್ದರೆ ಅದನ್ನೇ ಬೋರ್ಡಿಗೆ ಹಾಕುತ್ತಿದ್ದ ಕಾಲ! ಅದನ್ನು ಹಾಗೇ ನಕಲು ಮಾಡಲ್ಲ. ಆ ಅಕ್ಷರಗಳ ಬಳುಕು, ಬಣ್ಣಗಳ ಜೋಡಿ ಮಾತ್ರ ಬೇಕು.

ತೊಂದರೆ ಇಷ್ಟೇ. ಬಟ್ಟೆ ಕಪ್ಪು, ಬಣ್ಣ ಮೂರೇ: ಗುಲಾಬಿ, ತಿಳಿನೀಲಿ, ಕೆನೆಬಿಳಿ. ನಿಯಾನ್ ಟ್ಯೂಬಿನ ಸುತ್ತ ಹರಡುವ ಬೆಳಕನ್ನು ಹಾಫ್‌ಟೋನ್ ಚುಕ್ಕಿಗಳಲ್ಲಿ (ದಪ್ಪ-ಸಣ್ಣ ಚುಕ್ಕಿಗಳಿಂದ ಬಣ್ಣದ ಏರಿಳಿತ ತೋರಿಸುವ ವಿಧಾನ) ತರಲು ನೋಡಿದೆ. ಅಂಚಿನ ಸಣ್ಣ ಚುಕ್ಕಿಗಳು ಬಟ್ಟೆಗೆ ಇಳಿಯುತ್ತಲೇ ಇಲ್ಲ, ಬೆಳಕು ತಟ್ಟನೆ ಕತ್ತರಿಸಿದ ಹಾಗೆ ಕಾಣುತ್ತದೆ. ಚುಕ್ಕಿ ದಪ್ಪ ಮಾಡಬೇಕಾ, ಇನ್ನೂ ಸಣ್ಣ ಕಣ್ಣಿನ ಮೆಶ್ (ಬಣ್ಣ ಇಳಿಯುವ ಜಾಲರಿ) ತಗೋಬೇಕಾ? ಗುಲಾಬಿ ಬಣ್ಣದ ಕೆಳಗೆ ಬಿಳಿ ಪದರ ಕೊಟ್ಟರೆ ಎದ್ದು ಕಾಣುತ್ತೆ, ಆದರೆ ಬಟ್ಟೆ ಗಟ್ಟಿಯಾಗುತ್ತೆ ಅಲ್ವಾ? ಹಳೇ ಶರ್ಟಿನ ಮೆತ್ತಗಿನ, ಮಾಸಿದ ನೋಟ ನನಗೆ ಮುಖ್ಯ. ನೀವು ಪ್ರಿಂಟ್ ಮಾಡಿದ ಸ್ಯಾಂಪಲ್ ಫೋಟೋ ಇದ್ದರೆ ಕಾಮೆಂಟಲ್ಲಿ ಹಾಕಿ.