ನೆರೆಹೊರೆಯ ಸಭೆ ನಾಲ್ಕು ಜನರದಷ್ಟೇ ಆಗದಿರಲು: ಕೆಲವು ಅನುಭವಗಳು

ಪ್ರಶ್ನೆ: ನಮ್ಮ ಬೀದಿಯ ದೀಪಗಳು ಸರಿಯಾಗಿ ಉರಿಯುವುದಿಲ್ಲ, ಮಳೆ ಬಂದರೆ ಚರಂಡಿ ಉಕ್ಕಿ ಹರಿಯುತ್ತದೆ. ಸಭೆ ಕರೆದರೆ ಮಾತನಾಡುವವರು ಅದೇ ನಾಲ್ಕು ಜನ; ಉಳಿದವರು ಈಗೀಗ ಬರುವುದನ್ನೇ ಬಿಟ್ಟಿದ್ದಾರೆ. ಎಲ್ಲರ ಮಾತಿಗೂ ಬೆಲೆ ಸಿಗುವಂತೆ ಸಂಘಟಿಸುವುದು ಹೇಗೆ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಸಭೆಗೆ ಮುಂಚೆ ಮನೆಮನೆಗೆ ಹೋಗಿ ಬನ್ನಿ. ಹೋದಾಗ ನಿಮ್ಮ ಬೇಡಿಕೆಗೆ ಸಹಿ ಕೇಳಬೇಡಿ. ಅವರ ತೊಂದರೆ ಏನೆಂದು ಕೇಳಿ, ಅವರ ಮಾತಿನಲ್ಲಿಯೇ ಬರೆದುಕೊಳ್ಳಿ. ಹೀಗೆ ಕೇಳುತ್ತಾ ಹೋದಾಗಲೇ, ರಾತ್ರಿ ಪಾಳಿ ಮುಗಿಸಿ ಬರುವ ಹೆಣ್ಣುಮಕ್ಕಳು ತಿರುವಿನಲ್ಲಿ ಕೆಟ್ಟುಹೋಗಿದ್ದ ಒಂದೇ ಒಂದು ದೀಪದಿಂದಾಗಿ ಸುತ್ತು ಬಳಸಿ ಮನೆ ಸೇರುತ್ತಿದ್ದರೆಂಬುದು ನಮಗೆ ತಿಳಿದದ್ದು. ಅವರಲ್ಲಿ ಯಾರಿಗೂ ಸಂಜೆಯ ಸಭೆಗೆ ಬರಲು ಸಾಧ್ಯವಿರಲಿಲ್ಲ. ಆದ್ದರಿಂದ ಸಭೆಯನ್ನು ಒಮ್ಮೆ ಸಂಜೆ, ಮತ್ತೊಮ್ಮೆ ರಜಾದಿನದ ಬೆಳಿಗ್ಗೆ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆವು. ಬಂದವರೆಲ್ಲರಿಗೂ ಒಂದು ಸರದಿ ಸಿಗುವವರೆಗೆ ಯಾರೂ ಎರಡನೆಯ ಬಾರಿ ಮಾತನಾಡಬಾರದೆಂಬ ನಿಯಮವನ್ನೂ ಮಾಡಿಕೊಂಡೆವು. ಬಾಡಿಗೆದಾರರನ್ನು ಮರೆಯಬೇಡಿ, ಚರಂಡಿಯ ನೀರು ಮಾಲೀಕರು ಯಾರೆಂದು ನೋಡಿ ಒಳಗೆ ನುಗ್ಗುವುದಿಲ್ಲ.

ಎರಡನೆಯ ಉತ್ತರ: ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಜನ ಬಂದ ಮಾತ್ರಕ್ಕೆ ಸಭೆ ಪ್ರಜಾಸತ್ತಾತ್ಮಕವಾಗುವುದಿಲ್ಲ. ನಿರ್ಧಾರ ಹೇಗಾಗುತ್ತದೆ ಎಂಬುದೇ ಮುಖ್ಯ. ಸಮುದಾಯಗಳು ನೀರು, ಕಾಡು, ಹುಲ್ಲುಗಾವಲುಗಳನ್ನು ತಾವೇ ದೀರ್ಘಕಾಲ ನಿರ್ವಹಿಸಿಕೊಂಡು ಬಂದ ಬಗೆಯನ್ನು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಂ, ನಿಯಮಕ್ಕೆ ಒಳಪಡುವವರಿಗೇ ಅದನ್ನು ತಿದ್ದುವುದರಲ್ಲಿ ಪಾಲಿರುವುದನ್ನು ಬಾಳಿಕೆ ಬರುವ ವ್ಯವಸ್ಥೆಗಳ ಲಕ್ಷಣಗಳಲ್ಲಿ ಒಂದೆಂದು ಗುರುತಿಸಿದ್ದರು. ನಮ್ಮಲ್ಲಿ ವಾಹನ ನಿಲುಗಡೆಯ ವಿಚಾರದಲ್ಲಿ ಇದು ನಿಜವಾಯಿತು. ಬಹುಮತವಿದ್ದರೂ ಕೂಡಲೇ ಮತಕ್ಕೆ ಹಾಕದೆ, ವಿರೋಧಿಸಿದ್ದ ವಾಹನ ಮಾಲೀಕರನ್ನೇ ನಿಯಮದ ಕರಡು ಬರೆಯಲು ಸೇರಿಸಿಕೊಂಡೆವು. ಅದನ್ನು ಒಂದು ತಿಂಗಳ ಮಟ್ಟಿಗೆ ಜಾರಿಗೆ ತಂದು, ಮತ್ತೆ ಸಭೆಯ ಮುಂದಿಟ್ಟು ತಿದ್ದಿದೆವು. ಇಂದಿಗೂ ಅದನ್ನು ಹೆಚ್ಚು ಕಟ್ಟುನಿಟ್ಟಾಗಿ ಪಾಲಿಸುತ್ತಿರುವವರು ಅವರೇ.

ನಡಾವಳಿಯಲ್ಲಿ ಭಿನ್ನಾಭಿಪ್ರಾಯವನ್ನೂ ದಾಖಲಿಸಿ, ಮುಂದಿನ ಸಭೆಯ ಆರಂಭದಲ್ಲಿ ಓದಿಸಿ. ಅಧ್ಯಕ್ಷತೆ ಸರದಿಯಂತೆ ಬದಲಾಗಲಿ. ವಂತಿಗೆ ಹೆಚ್ಚು ಕೊಟ್ಟವರ ಮಾತಿಗೆ ಹೆಚ್ಚು ತೂಕ ಸಿಗುವ ಪರಿಪಾಠ ಒಮ್ಮೆ ಬೆಳೆದರೆ ಅದನ್ನು ಅಳಿಸುವುದು ಬಹಳ ಕಷ್ಟ. ಆದ್ದರಿಂದ ಜಮಾಖರ್ಚನ್ನು ಎಲ್ಲರ ಮುಂದಿಡಿ, ಕೊಟ್ಟವರ ಹೆಸರಿನ ಪಟ್ಟಿಯನ್ನು ಓದಬೇಡಿ.

ಮೂರನೆಯ ಉತ್ತರ: ಒಂದು ಸಣ್ಣ ಸೇರ್ಪಡೆ. ಕಚೇರಿಗೆ ಮನವಿ ಕೊಡಲು ಪ್ರತಿ ಸಲವೂ ಒಬ್ಬರೇ ಹೋದರೆ, ಕ್ರಮೇಣ ಅಲ್ಲಿನವರಿಗೆ ಇಡೀ ಬೀದಿಯೆಂದರೆ ಆ ಒಬ್ಬರೇ ಆಗಿಬಿಡುತ್ತಾರೆ, ಅವರು ಬೇಸತ್ತ ದಿನ ಕೆಲಸವೂ ನಿಲ್ಲುತ್ತದೆ. ಹಿಂದೆ ಹೋಗಿದ್ದವರೊಬ್ಬರ ಜೊತೆಗೆ ಇದುವರೆಗೆ ಹೋಗದವರೊಬ್ಬರನ್ನು ಕಳುಹಿಸಿ. ಮನವಿಯ ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು, ಅದನ್ನು ಯಾರು ಬೇಕಾದರೂ ನೋಡಬಹುದಾದ ಕಡತದಲ್ಲಿ ಇಡಿ.