ಸಹಾಯ ಬೇಕು: ಕೊಳೆತ ರಕ್ತದಲ್ಲಿ ಸಿಕ್ಕ ಎಥನಾಲ್ (ಮದ್ಯದಲ್ಲಿರುವ ಆಲ್ಕೋಹಾಲ್) ಬಗ್ಗೆ ವರದಿಯಲ್ಲಿ ಹೇಗೆ ಬರೆಯಬೇಕು?

ಹಿರಿಯರೆಲ್ಲರಿಗೂ ನಮಸ್ಕಾರ. ನಾನು ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವೊಂದರ ವಿಷವಿಜ್ಞಾನ ವಿಭಾಗಕ್ಕೆ ಈಚೆಗೆ ಸೇರಿದ್ದೇನೆ. ತಡವಾಗಿ ಪತ್ತೆಯಾದ ಶವಗಳ ರಕ್ತದ ಮಾದರಿಗಳು ನಮಗೆ ಆಗಾಗ ಬರುತ್ತವೆ. ಅರಗಿನ ಮುದ್ರೆ ಸರಿಯಾಗಿಯೇ ಇರುತ್ತದೆ, ಆದರೆ ಮುಚ್ಚಳ ತೆರೆದ ಕೂಡಲೇ ವಾಸನೆ ಮುಖಕ್ಕೆ ಬಡಿಯುತ್ತದೆ. ಎಷ್ಟೋ ಸಲ, ಮಾದರಿ ಕೆಡದಂತೆ ಬೆರೆಸುವ ಸೋಡಿಯಂ ಫ್ಲೋರೈಡ್ ಹಾಕಿದ ಬಗ್ಗೆ ಚೀಟಿಯಲ್ಲಿ ಉಲ್ಲೇಖವೇ ಇರುವುದಿಲ್ಲ.

ಇಂಥ ಒಂದು ಮಾದರಿಯಲ್ಲಿ ಹೆಡ್‌ಸ್ಪೇಸ್ ಗ್ಯಾಸ್ ಕ್ರೊಮಟೋಗ್ರಫಿಯಿಂದ (ಮಾದರಿಯ ಮೇಲಿನ ಆವಿಯಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ ವಿಧಾನ) ಅಲ್ಪ ಪ್ರಮಾಣದ ಎಥನಾಲ್ ಕಂಡುಬಂದಿದೆ. ಕೊಳೆಯುವಾಗ ಸೂಕ್ಷ್ಮಜೀವಿಗಳೂ ಎಥನಾಲ್ ಉತ್ಪಾದಿಸುತ್ತವೆ, ಜೊತೆಗೆ ಎನ್-ಪ್ರೊಪನಾಲ್ ಎಂಬ ಇನ್ನೊಂದು ಆಲ್ಕೋಹಾಲ್ ಕೂಡ ಉಂಟಾಗಬಹುದು ಎಂಬುದು ಗೊತ್ತಿದೆ. ಆದರೆ ನಮ್ಮ ವಿಧಾನದಲ್ಲಿ ಆಂತರಿಕ ಮಾನಕವಾಗಿ (ಹೋಲಿಸಿ ಅಳೆಯಲು ನಾವೇ ಮಾದರಿಗೆ ಸೇರಿಸುವ ವಸ್ತುವಾಗಿ) ಬಳಸುವುದೇ ಎನ್-ಪ್ರೊಪನಾಲ್ ಆದ್ದರಿಂದ ಆ ಸುಳಿವು ಅಲ್ಲೇ ಮುಚ್ಚಿಹೋಗುತ್ತದೆ. ಮಾದರಿಯನ್ನು ಮತ್ತೊಮ್ಮೆ ಪರೀಕ್ಷಿಸಿದಾಗಲೂ ಫಲಿತಾಂಶ ಹೆಚ್ಚುಕಡಿಮೆ ಅದೇ ಬಂತು. ಹೋಲಿಸಿ ನೋಡೋಣವೆಂದರೆ ಕಣ್ಣಿನ ವಿಟ್ರಿಯಸ್ ದ್ರವವನ್ನಾಗಲಿ ಮೂತ್ರವನ್ನಾಗಲಿ ಕಳುಹಿಸಿಲ್ಲ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 329ನೇ ಕಲಮಿನ ಪ್ರಕಾರ ಸರ್ಕಾರಿ ವಿಜ್ಞಾನ ತಜ್ಞರ ವರದಿಯನ್ನು, ತಜ್ಞರನ್ನು ಕರೆಸದೆಯೇ, ಸಾಕ್ಷ್ಯವಾಗಿ ಬಳಸಬಹುದು. ಹಾಗಾಗಿ ಬರಿಯ ಅಂಕಿ ನಮೂದಿಸಿದರೆ ಕುಡಿಯದ ವ್ಯಕ್ತಿಗೂ ಕುಡುಕನೆಂಬ ಹೆಸರು ಅಂಟಿಕೊಂಡು, ವಿಮೆಯ ಹಣಕ್ಕೆ ಕಾದಿರುವ ಮನೆಯವರಿಗೆ ಅನ್ಯಾಯವಾದೀತು ಎಂಬುದೇ ನನ್ನ ಆತಂಕ.

ಎನ್-ಪ್ರೊಪನಾಲ್ ಬದಲು ಟರ್ಷಿಯರಿ ಬ್ಯೂಟನಾಲ್ ಅನ್ನು ಮಾನಕವಾಗಿಟ್ಟು ಮರುಪರೀಕ್ಷೆ ಮಾಡಲು ಮೇಲಧಿಕಾರಿಗಳ ಅನುಮತಿ ಕೇಳಬೇಕೆಂದಿದ್ದೇನೆ. ಅದರಲ್ಲಿ ಎನ್-ಪ್ರೊಪನಾಲ್ ಕಂಡುಬಂದರೆ, ‘ಎಥನಾಲ್ ಕೊಳೆಯುವಿಕೆಯಿಂದಲೂ ಉಂಟಾಗಿರಬಹುದು’ ಎಂಬ ವಾಕ್ಯವನ್ನು ವರದಿಯ ಅಭಿಪ್ರಾಯ ಭಾಗದಲ್ಲೇ ಸೇರಿಸುತ್ತೀರಾ, ಅಥವಾ ನ್ಯಾಯಾಲಯ ಕೇಳಿದಾಗ ಮಾತ್ರ ವಿವರಿಸುತ್ತೀರಾ? ಇಂಥ ವರದಿಗಳನ್ನು ಬರೆದವರು ದಯವಿಟ್ಟು ತಾವು ಬಳಸುವ ಒಕ್ಕಣೆಯನ್ನು ತಿಳಿಸಿ.