ಮಕ್ಕಳ ಬೇಸಿಗೆ ಕ್ಯಾಂಪ್: ಹೊಸದಾಗಿ ಬಂದ ಕುಟುಂಬಗಳಿಗೆ ಕೆಲವು ಮಾತು

ಬಾಸ್ಟನ್ ಸುತ್ತಮುತ್ತಲಿನ ಊರುಗಳಿಗೆ ಹೊಸದಾಗಿ ಬಂದ ಕನ್ನಡ ಕುಟುಂಬಗಳು ಪ್ರತಿ ವರ್ಷ ಮೇ ತಿಂಗಳಲ್ಲಿ ಒಂದೇ ಪ್ರಶ್ನೆ ಕೇಳುತ್ತವೆ. ಜೂನ್ ಕೊನೆಗೆ ಶಾಲೆ ಮುಗಿಯುತ್ತದೆ, ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಆಗಸ್ಟ್ ಮುಗಿಯುವವರೆಗೆ ಮಕ್ಕಳನ್ನು ಎಲ್ಲಿ ಬಿಡುವುದು? ಮೇ ತಿಂಗಳಿಗೆ ಈ ಪ್ರಶ್ನೆ ತಡವಾಗಿರುತ್ತದೆ. ಊರಿನ ರಿಕ್ರಿಯೇಷನ್ ವಿಭಾಗ, ವೈಎಂಸಿಎ ಮೊದಲಾದವುಗಳ ಕ್ಯಾಂಪ್‌ಗಳಿಗೆ ಜನವರಿ, ಫೆಬ್ರವರಿಯ ಹಿಮದಲ್ಲೇ ನೋಂದಣಿ ಶುರುವಾಗುತ್ತದೆ. ಮನೆಗೆ ಹತ್ತಿರವಿರುವ, ಕೈಗೆಟುಕುವ ಬೆಲೆಯ ವಾರಗಳು ತೆರೆದ ದಿನವೇ ಭರ್ತಿಯಾಗುವುದುಂಟು. ತಡವಾಗಿ ಎಚ್ಚೆತ್ತವರಿಗೆ ದೂರದ ಕ್ಯಾಂಪ್‌ಗಳೋ ದುಬಾರಿ ಕ್ಯಾಂಪ್‌ಗಳೋ ಉಳಿದಿರುತ್ತವೆ. ಹಾಗೆಂದು ಕೈಚೆಲ್ಲಬೇಡಿ, ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ. ಪ್ರವಾಸದ ದಿನಾಂಕ ಬದಲಾಯಿತೆಂದು, ಕೆಲಸ ಬದಲಾಯಿತೆಂದು ಎಷ್ಟೋ ಕುಟುಂಬಗಳು ಜೂನ್ ತಿಂಗಳಲ್ಲಿ ಜಾಗ ಬಿಟ್ಟುಕೊಡುತ್ತವೆ.

ಇನ್ನೊಂದು ವಿಷಯ ಮೊದಲ ವರ್ಷ ಯಾರಿಗೂ ಗೊತ್ತಿರುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ ಶಾಲೆಗಳು ವರ್ಷಕ್ಕೆ 180 ದಿನ ನಡೆಯಲೇಬೇಕು. ಚಳಿಗಾಲದಲ್ಲಿ ಹಿಮಪಾತಕ್ಕೆ ರಜೆ ಕೊಟ್ಟಷ್ಟೂ ಶಾಲೆಯ ಕೊನೆಯ ದಿನ ಜೂನ್‌ನಲ್ಲಿ ಮುಂದೆ ಜರುಗುತ್ತದೆ. ಕ್ಯಾಂಪಿನ ಮೊದಲ ವಾರಕ್ಕೆ ಹಣ ಕಟ್ಟುವಾಗಲೂ ಊರಿಗೆ ವಿಮಾನದ ಟಿಕೆಟ್ ಕೊಳ್ಳುವಾಗಲೂ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ನಮ್ಮ ತಲೆಮಾರಿನವರಿಗೆ ಬೇಸಿಗೆ ರಜೆಯೆಂದರೆ ಏಪ್ರಿಲ್ ಹತ್ತರಂದು ಫಲಿತಾಂಶ ನೋಡಿಕೊಂಡು, ಸಂಜೆಯ ಬಸ್ಸಿಗೆ ಅಜ್ಜಿಯ ಮನೆಗೆ ಹೊರಡುವುದು. ಶಿಬಿರಗಳೂ ಇದ್ದವು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಲ್ಲಿ ಕುಣಿದವರು, ಕಬ್ಬನ್ ಉದ್ಯಾನದ ಜವಾಹರ ಬಾಲಭವನದಲ್ಲಿ ಜೇಡಿಮಣ್ಣು ಮೆತ್ತಿಕೊಂಡವರು ನಮ್ಮ ನಡುವೆಯೇ ಇದ್ದಾರೆ. ಆದರೆ ಅಲ್ಲಿ ಶಿಬಿರಕ್ಕೆ ಹೋಗದ ಮಗುವನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಾದರೊಬ್ಬರು ಇರುತ್ತಿದ್ದರು. ಇಲ್ಲಿ ದುಡಿಯುವ ತಂದೆತಾಯಿಯರ ಹತ್ತು ವಾರಗಳು ನಿಂತಿರುವುದೇ ಕ್ಯಾಂಪಿನ ಮೇಲೆ. ಜೊತೆಗೆ ಈ ದೇಶದಲ್ಲಿ ಅದಕ್ಕೆ ಹಳೆಯ ಬೇರೂ ಇದೆ. 1861ರಲ್ಲಿ ಕನೆಕ್ಟಿಕಟ್ ರಾಜ್ಯದ ಶಾಲಾ ಮೇಷ್ಟರು ಫ್ರೆಡರಿಕ್ ಗನ್ ತಮ್ಮ ವಿದ್ಯಾರ್ಥಿಗಳನ್ನು ಕಡಲತೀರಕ್ಕೆ ಕರೆದೊಯ್ದು ಡೇರೆ ಹೂಡಿದ್ದನ್ನು ಇಂಥ ಶಿಬಿರಗಳಲ್ಲಿ ಮೊದಲನೆಯದು ಎಂದು ಹೇಳುತ್ತಾರೆ. ಇಲ್ಲಿನ ಅಜ್ಜಂದಿರು ತಾವು ಹೋದ ಕ್ಯಾಂಪಿಗೇ ಮೊಮ್ಮಕ್ಕಳನ್ನು ಕಳಿಸುತ್ತಾರೆ.

ಯಾವ ಕ್ಯಾಂಪ್ ಎಂಬುದಕ್ಕೆ ನನ್ನ ಉತ್ತರ ಸ್ಪಷ್ಟವಾಗಿದೆ. ಮೊದಲ ಬೇಸಿಗೆ, ಸಾಧ್ಯವಾದರೆ ಮೊದಲ ಕೆಲವು ಬೇಸಿಗೆಗಳು, ಊರಿನ ಸಾಧಾರಣ ಬಯಲು ಕ್ಯಾಂಪ್‌ನಲ್ಲಿ ಕಳೆಯಲಿ. ಕೆರೆಯೋ ಈಜುಕೊಳವೋ ಇರುವ, ಒಂದಿಷ್ಟು ಮರಗಳಿರುವ, ಎಲ್ಲ ಬಗೆಯ ಮಕ್ಕಳು ಬರುವ ಕ್ಯಾಂಪ್. ನಮ್ಮವರು ನೋಂದಣಿ ಪುಟ ತೆರೆದ ಕೂಡಲೇ ಹುಡುಕುವುದು ಕೋಡಿಂಗ್, ರೊಬೊಟಿಕ್ಸ್, ಚೆಸ್, ಗಣಿತ, ಸ್ಪೆಲಿಂಗ್ ಬೀ. ಅವು ಕೆಟ್ಟವಲ್ಲ. ಆದರೆ ಸೆಪ್ಟೆಂಬರ್‌ನಿಂದ ಜೂನ್‌ವರೆಗೆ ಸಂಜೆಯ ಹೊತ್ತು ನಮ್ಮ ಮಕ್ಕಳು ಮಾಡುವುದು ಅದನ್ನೇ. ಅದೇ ಕುರ್ಚಿ, ಅದೇ ಪರದೆ, ಬಹುಮಟ್ಟಿಗೆ ಅದೇ ಸಹಪಾಠಿಗಳು. ಪಕ್ಕದ ಊರಿನ ಒಂದು ಕನ್ನಡ ಕುಟುಂಬ ತಮ್ಮ ಮಗನನ್ನು ಎರಡು ಬೇಸಿಗೆ ಇಂಥ ಕ್ಯಾಂಪ್‌ಗಳಿಗೆ ಕಳಿಸಿತು. ಮರುವರ್ಷ ಅವುಗಳಲ್ಲಿ ಜಾಗ ಸಿಗದೆ ಕೆರೆಯ ಪಕ್ಕದ ಊರಿನ ಕ್ಯಾಂಪ್‌ಗೆ ಸೇರಿಸಿತು. ಮೊದಲ ವಾರ ಹುಡುಗ ದಿನವೂ ದೂರು ಹೇಳಿದ. ಬಿಸಿಲು, ಸೊಳ್ಳೆ, ಯಾರೂ ಪರಿಚಯವಿಲ್ಲ. ಎರಡನೆಯ ವಾರ ಗಾಗಾ ಬಾಲ್ ಹಿಡಿಸಿತು. ಎಂಟು ಮೂಲೆಯ ಮರದ ಕಟ್ಟೆಯೊಳಗೆ ನಿಂತು ಅಂಗೈಯಿಂದ ಚೆಂಡು ಹೊಡೆದು, ಮೊಣಕಾಲಿನ ಕೆಳಗೆ ತಾಗಿಸಿ ಎದುರಾಳಿಯನ್ನು ಹೊರಹಾಕುವ ಆಟ ಅದು. ಒಂದು ಸುತ್ತು ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಸೋತವನು ಹೊರಗೆ ನಿಂತು ಮುಂದಿನ ಸುತ್ತಿಗೆ ಕಾಯುತ್ತಾನೆ. ಅಂಕಪಟ್ಟಿಯಿಲ್ಲ, ಪದಕವಿಲ್ಲ, ಅಪ್ಪ ಅಮ್ಮ ಅಂಚಿನಲ್ಲಿ ನಿಂತು ನೋಡುತ್ತಿರುವುದಿಲ್ಲ. ಸೋಲನ್ನು ಅಷ್ಟು ಹಗುರವಾಗಿ ಹೊತ್ತುಕೊಂಡು ಬಂದದ್ದನ್ನು ಅವನಲ್ಲಿ ಹಿಂದೆಂದೂ ಕಂಡಿರಲಿಲ್ಲ ಎಂದು ತಾಯಿ ನನಗೆ ಹೇಳಿದರು. ಆಗಸ್ಟ್ ಹೊತ್ತಿಗೆ ಹುಡುಗ ಬಣ್ಣದ ದಾರದ ಕೈಪಟ್ಟಿಗಳನ್ನು ಹೆಣೆದು ಅಜ್ಜಿಗೆ ಪಾರ್ಸೆಲ್ ಮಾಡಿಸಿದ್ದ.

ನಮ್ಮ ಮಕ್ಕಳು ಬೆಳೆಯುವುದು ಸದಾ ದೊಡ್ಡವರ ಕಣ್ಣಳತೆಯಲ್ಲಿ. ಕಾರಿನಲ್ಲಿ ಕೂತು ಹೋಗುತ್ತಾರೆ, ಗೊತ್ತುಪಡಿಸಿದ ಮನೆಯಲ್ಲಿ ಆಡುತ್ತಾರೆ, ಕಾರಿನಲ್ಲೇ ಮರಳುತ್ತಾರೆ. ನಮಗೆ ಬೀದಿ ಕಲಿಸಿದ್ದನ್ನು ಅವರಿಗೆ ಕಲಿಸುವ ಬೀದಿ ಇಲ್ಲಿಲ್ಲ. ತನಗಿಂತ ಎರಡು ವರ್ಷ ದೊಡ್ಡವನ ಜೊತೆ ಜಗಳ ಮಾಡಿ ತಾನೇ ರಾಜಿಯಾಗುವುದು, ಒದ್ದೆ ಟವೆಲ್ಲನ್ನು ಮರೆಯದೆ ಚೀಲಕ್ಕೆ ತುಂಬುವುದು, ಹೊಟ್ಟೆನೋವು ಬಂದರೆ ಕ್ಯಾಂಪಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹದಿನೇಳರ ಕೌನ್ಸೆಲರ್ ಬಳಿ ತಾನೇ ಹೋಗಿ ಹೇಳುವುದು. ಬಯಲು ಕ್ಯಾಂಪಿನ ಪಾಠಪಟ್ಟಿ ಇಷ್ಟೇ, ಮತ್ತು ನನ್ನ ಮಟ್ಟಿಗೆ ಇದು ಬಹಳ ದೊಡ್ಡದು.

ಈಜಿನ ಬಗ್ಗೆ ಮಾತ್ರ ರಾಜಿ ಬೇಡ. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಮೊದಲ ಕಾರಣ ನೀರಿನಲ್ಲಿ ಮುಳುಗುವುದು. ಅದಕ್ಕಿಂತ ದೊಡ್ಡ ಮಕ್ಕಳಲ್ಲೂ ಅಪಘಾತದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದರದ್ದೇ. ಇಲ್ಲಿ ಪ್ರತಿ ಊರಿಗೊಂದು ಕೆರೆ, ಪ್ರತಿ ಹುಟ್ಟುಹಬ್ಬಕ್ಕೊಂದು ಈಜುಕೊಳ. ಆದರೆ ನಮ್ಮಲ್ಲಿ ಎಷ್ಟೋ ತಂದೆತಾಯಿಯರಿಗೇ ಈಜು ಬರುವುದಿಲ್ಲ, ಹಾಗಾಗಿ ಅಪಾಯದ ಅಂದಾಜೂ ಇರುವುದಿಲ್ಲ. ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲಿ ಬಂದ ಕ್ರಿಶ್ಚಿಯನ್ಸ್ ಲಾ ಎಂಬ ಕಾನೂನಿನ ಪ್ರಕಾರ, ಕೆರೆ ಅಥವಾ ಕಡಲಿಗೆ ಮಕ್ಕಳನ್ನು ಇಳಿಸುವ ಕ್ಯಾಂಪ್‌ಗಳು ಮೊದಲ ಸಲ ನೀರಿಗೆ ಇಳಿಸುವಾಗಲೇ ಪ್ರತಿ ಮಗುವಿನ ಈಜನ್ನು ಪರೀಕ್ಷಿಸಬೇಕು, ಈಜು ಬಾರದವರಿಗೆ ಕೋಸ್ಟ್ ಗಾರ್ಡ್ ಒಪ್ಪಿದ ಲೈಫ್ ಜಾಕೆಟ್ ಒದಗಿಸಬೇಕು. ಪರೀಕ್ಷೆಯಾದ ಮೇಲೆ ಬಹಳ ಕಡೆ ಈಜಿನ ಮಟ್ಟ ತೋರಿಸುವ ಬಣ್ಣದ ಪಟ್ಟಿಯನ್ನು ಕೈಗೆ ಕಟ್ಟುತ್ತಾರೆ. ಈಜು ಬಾರದ ಹತ್ತು ವರ್ಷದ ಮಗು ಆರು ವರ್ಷದವರ ಜೊತೆ ಮೊಣಕಾಲುದ್ದ ನೀರಿನಲ್ಲಿ ನಿಂತು, ಗೆಳೆಯರು ತೇಲುವ ಕಟ್ಟೆಯಿಂದ ಜಿಗಿಯುವುದನ್ನು ನೋಡುವಂತಾದರೆ ಆ ಬೇಸಿಗೆಯೆಲ್ಲ ಅದಕ್ಕೆ ಕಹಿ. ಅಕ್ಟೋಬರ್‌ನಲ್ಲೇ ಒಳಾಂಗಣ ಈಜುಕೊಳದಲ್ಲಿ ತರಗತಿಗೆ ಸೇರಿಸಿ. ದೊಡ್ಡವರ ತರಗತಿಗೆ ನೀವೂ ಸೇರಿ. ನಲವತ್ತು ದಾಟಿ ಕಲಿತವರು ನಮ್ಮ ಬಳಗದಲ್ಲೇ ಇದ್ದಾರೆ, ಅವರ ಮಕ್ಕಳಿಗೆ ಅದು ಹೆಮ್ಮೆಯ ವಿಷಯ.

ಆರೋಗ್ಯದ ಅರ್ಜಿಯೂ ಹೊಸಬರನ್ನು ಕಾಡುತ್ತದೆ. ಲಸಿಕೆಗಳ ಪಟ್ಟಿ ಇಲ್ಲದೆ ಪರವಾನಗಿಯುಳ್ಳ ಕ್ಯಾಂಪ್ ಸಾಮಾನ್ಯವಾಗಿ ಮಗುವನ್ನು ಸೇರಿಸಿಕೊಳ್ಳುವುದಿಲ್ಲ, ವೈದ್ಯರ ಇತ್ತೀಚಿನ ತಪಾಸಣೆಯ ವರದಿಯನ್ನೂ ಹಲವು ಕಡೆ ಕೇಳುತ್ತಾರೆ. ಭಾರತದ ಸರ್ಕಾರಿ ಕಾರ್ಯಕ್ರಮದಲ್ಲಿ ಕೊಡುವ ಎಂಆರ್ ಲಸಿಕೆ ದಡಾರ ಮತ್ತು ರುಬೆಲ್ಲಾಗೆ ಮಾತ್ರ, ಅದರಲ್ಲಿ ಮಂಗನಬಾವು ಸೇರಿಲ್ಲ. ಚಿಕನ್‌ಪಾಕ್ಸ್ ಲಸಿಕೆಯನ್ನೂ ಅಲ್ಲಿ ಎಲ್ಲ ಮಕ್ಕಳಿಗೆ ಹಾಕಿರುವುದಿಲ್ಲ. ಆದ್ದರಿಂದ ಇಲ್ಲಿ ಒಂದೆರಡು ಚುಚ್ಚುಮದ್ದು ಹೆಚ್ಚಾಗಿ ಬೇಕಾಗಬಹುದು, ಎರಡು ಡೋಸ್‌ಗಳ ನಡುವೆ ವಾರಗಟ್ಟಲೆ ಅಂತರವೂ ಬೇಕು. ಮಾರ್ಚ್‌ನಲ್ಲೇ ವೈದ್ಯರ ಸಮಯ ಗೊತ್ತುಮಾಡಿಕೊಳ್ಳಿ. ಇನ್ನು ಉಣ್ಣಿ. ಉಣ್ಣಿಯ ಕಡಿತದಿಂದ ಹರಡುವ ಲೈಮ್ ಕಾಯಿಲೆಗೆ ಹೆಸರು ಬಂದದ್ದೇ ಪಕ್ಕದ ಕನೆಕ್ಟಿಕಟ್‌ನ ಊರಿನಿಂದ, ಅಂದರೆ ನಾವಿರುವುದು ಅದರ ತವರಿನಲ್ಲಿ. ಜಿಂಕೆ ಉಣ್ಣಿಯ ಮರಿ ಗಸಗಸೆ ಕಾಳಿನಷ್ಟು ಚಿಕ್ಕದು. ಸಾಮಾನ್ಯವಾಗಿ ಅದು ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿದ್ದರಷ್ಟೇ ರೋಗ ದಾಟುವುದರಿಂದ ದಿನವೂ ಸಂಜೆ ಸ್ನಾನದ ಹೊತ್ತಿಗೆ ಕಿವಿಯ ಹಿಂದೆ, ಕಂಕುಳು, ಮೊಣಕಾಲಿನ ಹಿಂಭಾಗ, ಕೂದಲಿನ ಬುಡ ನೋಡುವ ಅಭ್ಯಾಸ ಸಾಕು. ಭಯಪಟ್ಟು ಮಗುವನ್ನು ಮನೆಯಲ್ಲಿ ಕೂರಿಸಬೇಕಾಗಿಲ್ಲ.

ಊಟದ ಡಬ್ಬಿಯ ವಿಷಯ. ಕ್ಯಾಂಪಿನಲ್ಲಿ ಸಾಮಾನ್ಯವಾಗಿ ಫ್ರಿಜ್ ಇರುವುದಿಲ್ಲ, ಬಿಸಿಮಾಡುವ ವ್ಯವಸ್ಥೆ ಇರುವುದಿಲ್ಲ. ಹಲವು ಕ್ಯಾಂಪ್‌ಗಳಲ್ಲಿ ಶೇಂಗಾ ಮತ್ತು ಗೋಡಂಬಿಯಂಥವಕ್ಕೆ ಪೂರ್ತಿ ನಿಷೇಧ. ಶೇಂಗಾ ಹಾಕಿದ ಚಿತ್ರಾನ್ನ, ಶೇಂಗಾ ಚಟ್ನಿಪುಡಿ ಸವರಿದ ಚಪಾತಿ ಎರಡೂ ಕೂಡದು. ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ, ಅಲರ್ಜಿಯಿರುವ ಮಗುವಿಗೆ ಅದು ಜೀವದ ಪ್ರಶ್ನೆ. ಐಸ್ ಪ್ಯಾಕ್ ಇಟ್ಟ ಮೊಸರನ್ನ, ಪಲ್ಯ ಸುತ್ತಿದ ಚಪಾತಿ, ಉಪ್ಪು ಖಾರ ಹಚ್ಚಿದ ಸೌತೆಕಾಯಿ ಜುಲೈ ಬಿಸಿಲಿಗೆ ಚೆನ್ನಾಗಿ ಹೊಂದುತ್ತವೆ. ಸಸ್ಯಾಹಾರಿ ಮನೆಗಳಿಗೆ ಒಂದು ಮುನ್ಸೂಚನೆ: ಬೆಂಕಿಯ ಸುತ್ತ ಕೂತು ಮಕ್ಕಳು ಸುಟ್ಟು ತಿನ್ನುವ ಮಾರ್ಷ್‌ಮೆಲ್ಲೊದಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತದೆ, ಅದನ್ನು ತಯಾರಿಸುವುದು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ. ಕೌನ್ಸೆಲರ್‌ಗೆ ಇದು ಹೊಳೆಯುವುದೂ ಇಲ್ಲ. ಜೆಲಟಿನ್ ಇಲ್ಲದವು ಅಂಗಡಿಯಲ್ಲಿ ಸಿಗುತ್ತವೆ. ಒಂದು ಪೊಟ್ಟಣ ಕೊಟ್ಟು ಕಳಿಸಿದರೆ ಮಗು ಬೆಂಕಿಯ ಸುತ್ತಿನಿಂದ ಹೊರಗುಳಿಯುವುದಿಲ್ಲ.

ಹಣದ ಮಾತು ಬೇಗ ಹೇಳಿ ಮುಗಿಸುತ್ತೇನೆ. ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಿದ್ದರೆ, 13 ವರ್ಷದೊಳಗಿನ ಮಕ್ಕಳ ಹಗಲು ಕ್ಯಾಂಪಿನ ಖರ್ಚಿಗೆ ತೆರಿಗೆಯಲ್ಲಿ ರಿಯಾಯಿತಿ ಇದೆ. ಕ್ರೀಡೆಯದ್ದಾದರೂ ಕಂಪ್ಯೂಟರಿನದ್ದಾದರೂ ಅದು ಸಲ್ಲುತ್ತದೆ, ರಾತ್ರಿ ತಂಗುವ ಕ್ಯಾಂಪ್ ಮಾತ್ರ ಸಲ್ಲುವುದಿಲ್ಲ. ಕಂಪನಿಯ ಮೂಲಕ ತೆರಿಗೆಗೆ ಮುನ್ನ ಹಣ ತೆಗೆದಿಡುವ ಡಿಪೆಂಡೆಂಟ್ ಕೇರ್ ಖಾತೆಯ ಮಿತಿ ಬಹುಕಾಲ 5000 ಡಾಲರ್ ಇತ್ತು, 2026ರಿಂದ 7500 ಆಗಿದೆ. ಅದಕ್ಕೆ ಸಾಮಾನ್ಯವಾಗಿ ಹಿಂದಿನ ಶರತ್ಕಾಲದಲ್ಲೇ ಒಪ್ಪಿಗೆ ಕೊಡಬೇಕು. ಎಚ್-4 ಎಂಬ ಅವಲಂಬಿತರ ವೀಸಾದಲ್ಲಿದ್ದು ಕೆಲಸದ ಅನುಮತಿಯಿಲ್ಲದ ಸಂಗಾತಿಯಿರುವ ಮನೆಗೆ, ಆ ಸಂಗಾತಿ ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದರೆ ಹೊರತು, ಈ ಅನುಕೂಲ ಸಾಮಾನ್ಯವಾಗಿ ಸಿಗುವುದಿಲ್ಲ. ಅಂಥವರು ಶುಲ್ಕದಲ್ಲಿ ಸಿಗುವ ನೆರವಿನ ಬಗ್ಗೆ ವೈಎಂಸಿಎಯಲ್ಲಿ ಸಂಕೋಚಪಡದೆ ಕೇಳಿ.

ಮೇನ್, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳ ಕೆರೆದಂಡೆಯ ವಸತಿ ಕ್ಯಾಂಪ್‌ಗಳ ಬಗ್ಗೆ ನಮ್ಮಲ್ಲಿ ಅಂಜಿಕೆ ಹೆಚ್ಚು. 2025ರ ಜುಲೈ 4ರಂದು ಟೆಕ್ಸಸ್‌ನ ಗ್ವಾಡಲೂಪ್ ನದಿಯ ಪ್ರವಾಹದಲ್ಲಿ ಕ್ಯಾಂಪ್ ಮಿಸ್ಟಿಕ್‌ನ 27 ಬಾಲಕಿಯರು ಮತ್ತು ಕೌನ್ಸೆಲರ್‌ಗಳು ತೀರಿಕೊಂಡ ಮೇಲೆ ಅದು ಇನ್ನಷ್ಟು ಹೆಚ್ಚಿದೆ. ಆ ಮಕ್ಕಳ ಚಿತ್ರಗಳನ್ನು ನೋಡಿದ ಯಾವ ತಾಯಿಗೂ ಈ ಅಂಜಿಕೆ ಅತಿಯೆಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಅಂಜಿಕೆಯನ್ನು ಪ್ರಶ್ನೆಗಳಾಗಿ ಬದಲಿಸಬಹುದು. ಮಲಗುವ ಕೋಣೆಗಳು ನೀರಿನಿಂದ ಎಷ್ಟು ದೂರ, ಎಷ್ಟು ಎತ್ತರದಲ್ಲಿವೆ? ರಾತ್ರಿ ಹವಾಮಾನದ ಎಚ್ಚರಿಕೆ ಬಂದರೆ ಕೇಳಿಸಿಕೊಳ್ಳುವವರು ಯಾರು, ಮಕ್ಕಳನ್ನು ಎಲ್ಲಿಗೆ ಒಯ್ಯುತ್ತಾರೆ? ಆ ಅಭ್ಯಾಸವನ್ನು ಮಕ್ಕಳಿಂದ ಮಾಡಿಸುತ್ತಾರೆಯೇ? ಮ್ಯಾಸಚೂಸೆಟ್ಸ್‌ನಲ್ಲಿ ಕ್ಯಾಂಪ್‌ಗಳಿಗೆ ಸ್ಥಳೀಯ ಆರೋಗ್ಯ ಮಂಡಳಿಯ ಪರವಾನಗಿ ಬೇಕು. ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ, ಆರೋಗ್ಯ ಮತ್ತು ಶಿಸ್ತಿನ ನಿಯಮಗಳನ್ನು ಕೇಳಿ ನೋಡುವ ಹಕ್ಕು ಪೋಷಕರಿಗಿದೆ. ಕೇಳಿದ್ದಕ್ಕೆ ಮುಖ ಸಿಂಡರಿಸುವ ಕ್ಯಾಂಪ್‌ಗೆ ಮಗುವನ್ನು ಕಳಿಸಬೇಡಿ.

ಕಳಿಸಿದವರ ಅನುಭವವನ್ನೂ ಹೇಳಬೇಕು. ನನ್ನ ಗೆಳತಿಯ ಮಗಳು ಹನ್ನೆರಡನೆಯ ವಯಸ್ಸಿನಲ್ಲಿ ಎರಡು ವಾರ ಅಂಥ ಕ್ಯಾಂಪ್‌ನಲ್ಲಿದ್ದಳು. ಮೊಬೈಲ್ ಇಲ್ಲ, ಅಂಚೆಯ ಕಾಗದ ಮಾತ್ರ. ಮೊದಲ ಕಾಗದ ಪೂರ್ತಿ ಅಳು. ಅದು ಇವರ ಕೈಸೇರುವ ಹೊತ್ತಿಗೆ ಅಲ್ಲಿ ಅವಳು ದೋಣಿ ಹುಟ್ಟು ಹಾಕುವುದರಲ್ಲಿ ಮುಳುಗಿದ್ದಳು. ಬೇಡವೆನಿಸಿದರೆ ಕೂಡಲೇ ಬಂದು ಕರೆದೊಯ್ಯುತ್ತೇವೆ ಎಂದು ಮುಂಚೆಯೇ ಮಾತು ಕೊಡಬೇಡಿ ಎಂದು ಕ್ಯಾಂಪಿನವರು ಹೇಳಿದ್ದರಂತೆ. ಆ ಮಾತಿನಲ್ಲಿ ಅರ್ಥವಿದೆ. ಹೊರಡುವ ದಾರಿ ಕಣ್ಣೆದುರಿಗಿದ್ದರೆ ಮಗು ಅಲ್ಲಿ ನೆಲೆಯೂರಲು ಮನಸ್ಸು ಮಾಡುವುದಿಲ್ಲ.

ಊರಿಗೆ ಹೋಗುವುದೋ ಕ್ಯಾಂಪೋ ಎಂಬ ಚರ್ಚೆಯಲ್ಲಿ ನಾನು ಎರಡರ ಪರ. ಆದರೆ ಒಂದು ಕಟು ಸತ್ಯವಿದೆ. ಇಲ್ಲಿನ ರಜೆ ಶುರುವಾಗುವ ಹೊತ್ತಿಗೆ ಕರ್ನಾಟಕದಲ್ಲಿ ಶಾಲೆಗಳು ತೆರೆದು ವಾರಗಳಾಗಿರುತ್ತವೆ. ಚಿಕ್ಕಪ್ಪನ ಮಕ್ಕಳು ಸಮವಸ್ತ್ರ ಹಾಕಿಕೊಂಡು ಬಸ್ಸು ಹತ್ತುತ್ತಾರೆ, ನಮ್ಮ ಮಕ್ಕಳು ಮಳೆ ನೋಡುತ್ತಾ ಟಿವಿ ಮುಂದೆ ಕೂರುತ್ತಾರೆ. ಅದಕ್ಕೇ ಅಲ್ಲೊಂದು ನಿತ್ಯದ ಕೆಲಸ ಗೊತ್ತುಮಾಡಿ. ತಾತನ ಜೊತೆ ಬೆಳಗಿನ ಹಾಲಿನ ಅಂಗಡಿ, ಹತ್ತಿರದ ಸಂಗೀತದ ಮೇಷ್ಟರು, ಅಂಗಡಿಯ ಬೋರ್ಡುಗಳನ್ನು ಓದುವ ಆಟ. ಇಲ್ಲಿಯ ವಾರಾಂತ್ಯದ ಕನ್ನಡ ತರಗತಿಗಳು ಬೇಸಿಗೆಯಲ್ಲಿ ಮುಚ್ಚಿರುತ್ತವೆ, ಮೂರು ವಾರದ ಅಜ್ಜಿಯ ಮನೆ ಆ ಕೊರತೆಯನ್ನು ಚೆನ್ನಾಗಿ ತುಂಬುತ್ತದೆ. ಅಜ್ಜ ಅಜ್ಜಿಯೇ ಇಲ್ಲಿಗೆ ಬಂದಿದ್ದರೆ ಬೇಸಿಗೆಯಿಡೀ ಮಕ್ಕಳನ್ನು ಅವರಿಗೆ ಒಪ್ಪಿಸಿ ಹೋಗಬೇಡಿ. ಕಾರು ಓಡಿಸಲಾಗದೆ, ಮಾತಾಡುವ ನೆರೆಯಿಲ್ಲದೆ ಎರಡು ಮಕ್ಕಳೊಂದಿಗೆ ದಿನವಿಡೀ ಮನೆಯಲ್ಲಿರುವುದು ಎಪ್ಪತ್ತರ ಜೀವಕ್ಕೆ ಬಹಳ ಭಾರ. ಮಕ್ಕಳು ಹಗಲು ಕ್ಯಾಂಪಿಗೆ ಹೋಗಿ ಬರಲಿ, ಸಂಜೆ ಅಜ್ಜಿಯ ಕೈತುತ್ತು, ಕಥೆ.

ಕೊನೆಗೆ ಒಂದು ಪ್ರಸ್ತಾವ. ಹಗಲು ಕ್ಯಾಂಪ್‌ಗಳು ಹೆಚ್ಚಾಗಿ ಮಧ್ಯಾಹ್ನ ಮೂರು, ಮೂರೂವರೆಗೆ ಮುಗಿಯುತ್ತವೆ. ಸಂಜೆಯವರೆಗೆ ಇರಿಸಿಕೊಳ್ಳುವ ವ್ಯವಸ್ಥೆಗೆ ಬೇರೆ ಹಣ, ಬೇರೆ ನೋಂದಣಿ, ಅದೂ ಬೇಗ ತುಂಬುತ್ತದೆ. ಒಂದೇ ಊರಿನ ಎರಡು ಮೂರು ಕುಟುಂಬಗಳು ಡಿಸೆಂಬರ್‌ನಲ್ಲೇ ಮಾತಾಡಿಕೊಂಡು ಒಂದೇ ಕ್ಯಾಂಪಿನ ಅವೇ ವಾರಗಳನ್ನು ಆರಿಸಿದರೆ ಕರೆತರುವ ಸರದಿ ಹಂಚಿಕೊಳ್ಳಬಹುದು. ಸರದಿಯವರೆಲ್ಲರ ಹೆಸರನ್ನು ಕ್ಯಾಂಪಿನ ಅನುಮತಿ ಪಟ್ಟಿಯಲ್ಲಿ ಮೊದಲೇ ಬರೆಸಿರಬೇಕು, ಹೋಗುವವರ ಕೈಯಲ್ಲಿ ಗುರುತಿನ ಚೀಟಿ ಇರಬೇಕು. ಪಟ್ಟಿಯಲ್ಲಿಲ್ಲದವರು ಎಷ್ಟು ಹತ್ತಿರದ ಬಂಧುವಾದರೂ ಮಗುವನ್ನು ಒಪ್ಪಿಸುವುದಿಲ್ಲ. ಮುಂದಿನ ಬೇಸಿಗೆಗೆ ಹೀಗೆ ಜೊತೆಯಾಗಲು ಮನಸ್ಸಿರುವವರು ನಿಮ್ಮ ಊರು ಮತ್ತು ಮಕ್ಕಳ ತರಗತಿಯನ್ನು ತಿಳಿಸಿ, ಹತ್ತಿರದವರನ್ನು ಒಟ್ಟುಗೂಡಿಸುವ ಕೆಲಸ ನಾನು ಮಾಡುತ್ತೇನೆ.